ವಿದ್ಯಾರ್ಥಿಗಳನ್ನು ಗ್ರೀಸಿನ ಪುರಾಣಸ್ಥಳಗಳಿಗೆ ಕರೆದೊಯ್ಯುವವರಿಗೆ

ಗ್ರೀಸಿನ ಅಧ್ಯಯನ ಪ್ರವಾಸ ಸಾಮಾನ್ಯವಾಗಿ ಹೊರಡುವ ಮೊದಲೇ, ಸ್ಥಳಗಳ ಪಟ್ಟಿ ಬರೆಯುವಾಗಲೇ ಕೆಟ್ಟುಹೋಗುತ್ತದೆ. 8 ದಿನಕ್ಕೆ 15 ಸ್ಥಳ ಹಾಕಿಕೊಂಡರೆ ಮಕ್ಕಳಿಗೆ ಸಿಗುವುದು ಬಸ್ಸಿನ ಕಿಟಕಿ, ಟಿಕೆಟ್ ಸಾಲು ಮತ್ತು ಒಂದನ್ನೊಂದು ಹೋಲುವ ಮುರಿದ ಕಂಬಗಳು. ಮೂರನೆಯ ದಿನಕ್ಕೆಲ್ಲ ಯಾವ ಕಂಬ ಯಾವ ಊರಿನದು ಎಂಬುದೇ ಕಲಸಿಹೋಗಿರುತ್ತದೆ. ಅಥೆನ್ಸ್, ಎಲ್ಯೂಸಿಸ್, ಮೈಸೀನೆ, ಎಪಿಡಾರಸ್, ಒಲಿಂಪಿಯಾ, ಡೆಲ್ಫಿ: ಈ ಆರು ಸಾಕು. ಇದಕ್ಕೆ 9ರಿಂದ 10 ದಿನ ಬೇಕು. ಕ್ರೀಟ್ ದ್ವೀಪವೂ ಬೇಕೆಂದರೆ ಇನ್ನು 3 ದಿನ ಸೇರಿಸಿಕೊಳ್ಳಿ; ಸೇರಿಸಲಾಗದಿದ್ದರೆ ಕ್ರೀಟ್ ಬಿಟ್ಟುಬಿಡಿ.

ಕಡಿಮೆ ಸ್ಥಳ ಅನ್ನುವುದಕ್ಕೆ ಕಾರಣ ಆಯಾಸ ಒಂದೇ ಅಲ್ಲ. ಇಲ್ಲಿನ ಪ್ರತಿ ಜಾಗದಲ್ಲೂ ಮೂರು ಕಾಲಗಳು ಒಂದರ ಮೇಲೊಂದು ಕೂತಿವೆ. ಕಥೆ ನಡೆಯಿತು ಎನ್ನಲಾದ ಕಾಲ ಒಂದು. ಕಟ್ಟಡ ನಿಜಕ್ಕೂ ಎದ್ದ ಕಾಲ ಇನ್ನೊಂದು. ಅಗೆದು, ಎತ್ತಿ ನಿಲ್ಲಿಸಿ, ದುರಸ್ತಿ ಮಾಡಿದ ಕಳೆದ 150 ವರ್ಷಗಳ ಕಾಲ ಮತ್ತೊಂದು. ವಿದ್ಯಾರ್ಥಿ ಒಂದು ಗೋಡೆಯ ಮುಂದೆ ನಿಂತು ಈ ಮೂರನ್ನು ಬಿಡಿಸಿ ಹೇಳಬಲ್ಲನಾದರೆ ಪ್ರವಾಸ ಸಾರ್ಥಕ. ಅದಕ್ಕೆ ಒಂದೊಂದು ಜಾಗದಲ್ಲಿ ಕನಿಷ್ಠ 3 ಗಂಟೆ ಬೇಕು, ಅದರಲ್ಲಿ ಒಂದು ಗಂಟೆ ಯಾರೂ ಏನೂ ವಿವರಿಸದೆ ಮಕ್ಕಳೇ ನೋಡಿ, ಅಳೆದು, ಚಿತ್ರ ಬರೆಯುವಂತಿರಬೇಕು.

ಹೊರಡುವ ಮುಂಚಿನ ತರಗತಿಗಳಲ್ಲಿ ದೇವತೆಗಳ ವಂಶಾವಳಿ ಬಾಯಿಪಾಠ ಮಾಡಿಸಬೇಡಿ. ಆರು ಸ್ಥಳಕ್ಕೆ ಆರು ಕಥೆ ಹೇಳಿದರೆ ಆಯಿತು. ಅಥೆನ್ಸ್ ನಗರ ಯಾರಿಗೆ ಸೇರಬೇಕೆಂದು ಅಥೀನಾ ಮತ್ತು ಪೊಸೈಡನ್ ಪಂತ ಕಟ್ಟಿದ್ದು. ಮಗಳು ಪರ್ಸೆಫೊನಿಯನ್ನು ಹುಡುಕುತ್ತ ಡಿಮೀಟರ್ ಎಲ್ಯೂಸಿಸ್‌ಗೆ ಬಂದದ್ದು. ಮೈಸೀನೆಯ ಆಟ್ರಿಯಸ್ ಮನೆತನದ ಶಾಪ. ಸತ್ತವರನ್ನು ಬದುಕಿಸಿದ್ದಕ್ಕೆ ವೈದ್ಯ ಅಸ್ಕ್ಲೀಪಿಯಸ್ ಜ್ಯೂಸನ ಸಿಡಿಲಿಗೆ ಬಲಿಯಾದದ್ದು. ಒಲಿಂಪಿಯಾದ ಪೆಲೋಪ್ಸ್ ರಥದ ಪಂದ್ಯ. ಡೆಲ್ಫಿಯಲ್ಲಿ ಅಪೊಲೊ ಸರ್ಪವನ್ನು ಕೊಂದದ್ದು. ಜೊತೆಗೆ ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪಾಸೇನಿಯಸ್ ಬರೆದಿಟ್ಟ ವಿವರಣೆಯಿಂದ ಪ್ರತಿ ಸ್ಥಳಕ್ಕೆ ಒಂದೊಂದು ಪುಟ ಅನುವಾದ ಮಾಡಿ ಕೈಗೆ ಕೊಡಿ. ಅವನು ಕಂಡದ್ದರಲ್ಲಿ ಈಗ ಏನು ಉಳಿದಿದೆ, ಏನು ಹೋಗಿದೆ ಎಂದು ಗುರುತು ಹಾಕುವ ಕೆಲಸವೇ ಅರ್ಧ ಪಾಠ.

ದಾರಿ ಮತ್ತು ಬಸ್ಸು

ಅಥೆನ್ಸಿನಲ್ಲಿ 3 ರಾತ್ರಿ, ನಾಫ್‌ಪ್ಲಿಯೊದಲ್ಲಿ 2, ಒಲಿಂಪಿಯಾದಲ್ಲಿ 1 ಅಥವಾ 2, ಡೆಲ್ಫಿಯಲ್ಲಿ 1, ಮತ್ತೆ ಅಥೆನ್ಸಿನಲ್ಲಿ 1. ಅಥೆನ್ಸಿನಿಂದ ನಾಫ್‌ಪ್ಲಿಯೊ ಸುಮಾರು 140 ಕಿ.ಮೀ.; ದಾರಿಯಲ್ಲಿ 1893ರಲ್ಲಿ ತೆರೆದ ಕೊರಿಂತ್ ಕಾಲುವೆಯ ಸೇತುವೆ ಮೇಲೆ 15 ನಿಮಿಷ ಇಳಿಯಬಹುದು. ನಾಫ್‌ಪ್ಲಿಯೊದಲ್ಲಿ ಉಳಿದರೆ ಮೈಸೀನೆ, ಎಪಿಡಾರಸ್ ಎರಡೂ ಹತ್ತಿರ, ತಲಾ ಅರ್ಧ ಗಂಟೆಯ ಆಸುಪಾಸು. ಅಲ್ಲಿಂದ ಟ್ರಿಪೊಲಿ ಮೂಲಕ ಒಲಿಂಪಿಯಾಕ್ಕೆ ಸುಮಾರು 3 ಗಂಟೆ. ಒಲಿಂಪಿಯಾದಿಂದ ಡೆಲ್ಫಿಗೆ ಪಾತ್ರಾಸ್ ಬಳಿಯ ರಿಯೊ–ಆಂಟಿರಿಯೊ ಸೇತುವೆ ದಾಟಿ ಹೋಗಬೇಕು, ನಿಲುಗಡೆ ಸೇರಿ ಅರ್ಧ ದಿನವೇ ಹಿಡಿಯುತ್ತದೆ. ಆ ದಿನ ಬೇರೆ ಏನನ್ನೂ ಹಾಕಬೇಡಿ.

ಬಸ್ಸಿನ ವಿಷಯದಲ್ಲಿ ಅನೇಕ ಆಯೋಜಕರಿಗೆ ಕೊನೆಗೆ ಗೊತ್ತಾಗುವ ಸಂಗತಿ ಚಾಲಕರ ಕೆಲಸದ ಸಮಯ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಚಾಲಕ ದಿನಕ್ಕೆ 9 ಗಂಟೆ ಮಾತ್ರ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ. ದಿನಕ್ಕೆ ಸಾಮಾನ್ಯವಾಗಿ 11 ಗಂಟೆ ವಿಶ್ರಾಂತಿ. ರಾತ್ರಿ 10ರ ಊಟಕ್ಕೆ ಅವನೇ ಬಸ್ಸು ತಂದರೆ ಮರುದಿನ ಬೆಳಿಗ್ಗೆ 7ಕ್ಕೆ ಹೊರಡಲು ಆಗುವುದಿಲ್ಲ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುವ ಸ್ಥಳಕ್ಕೆ ಆ ಹೊತ್ತಿಗೇ ತಲುಪಬೇಕಾದರೆ ಹಿಂದಿನ ಸಂಜೆ ಊಟಕ್ಕೆ ನಡೆದೇ ಹೋಗುವಂಥ ಹೋಟೆಲ್ ಹುಡುಕಿ.

ಕಾಲ ಯಾವುದು ಒಳ್ಳೆಯದು ಎಂದರೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ, ಇಲ್ಲವೇ ಅಕ್ಟೋಬರ್. ಜುಲೈ, ಆಗಸ್ಟ್ ಬೇಡವೇ ಬೇಡ. 2023ರಿಂದೀಚೆ ಬಿಸಿಗಾಳಿಯ ದಿನಗಳಲ್ಲಿ ಅಥೆನ್ಸಿನ ಗುಡ್ಡದ ಮೇಲಿನ ಅಕ್ರೊಪೊಲಿಸನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಮುಚ್ಚಿದ್ದು ಹಲವು ಸಲ ಆಗಿದೆ. ಆ ಹೊತ್ತಿನ ಟಿಕೆಟ್ ಕೈಯಲ್ಲಿದ್ದವರು ಕೆಳಗೇ ಉಳಿಯುತ್ತಾರೆ. ಚಳಿಗಾಲದಲ್ಲಿ ಜನ ಕಡಿಮೆ, ಆದರೆ ಹೆಚ್ಚಿನ ತಾಣಗಳು ಮಧ್ಯಾಹ್ನ 3ರ ಹೊತ್ತಿಗೇ ಬಾಗಿಲು ಹಾಕುತ್ತವೆ. ಜನವರಿ 1, ಮಾರ್ಚ್ 25, ಮೇ 1, ಆರ್ಥೊಡಾಕ್ಸ್ ಈಸ್ಟರ್ ಭಾನುವಾರ, ಡಿಸೆಂಬರ್ 25 ಮತ್ತು 26 ಎಲ್ಲೆಡೆ ರಜೆ. ಈಸ್ಟರ್ ದಿನಾಂಕ ಪಶ್ಚಿಮದ ಚರ್ಚಿನದಕ್ಕಿಂತ ಹಲವು ವರ್ಷ ಬೇರೆಯಿರುತ್ತದೆ, ಅದನ್ನು ಗ್ರೀಕ್ ಪಂಚಾಂಗದಲ್ಲೇ ನೋಡಿ.

ಅಥೆನ್ಸ್: ಹೊಸ ಕಲ್ಲು, ಹಳೆ ಕಲ್ಲು

ಅಕ್ರೊಪೊಲಿಸ್ ಟಿಕೆಟ್ ಈಗ ಸಮಯ ನಿಗದಿಯಾಗಿ ಬರುತ್ತದೆ. 2023ರ ಸೆಪ್ಟೆಂಬರಿನಿಂದ ದಿನಕ್ಕೆ 20,000 ಜನರ ಮಿತಿ ಇದೆ. ಮೊದಲ ಸಮಯ, ಅಂದರೆ ಬೆಳಿಗ್ಗೆ 8ರದ್ದೇ ತೆಗೆದುಕೊಳ್ಳಿ. ಪಶ್ಚಿಮದ ಮುಖ್ಯ ದ್ವಾರದ ಬದಲು ಆಗ್ನೇಯ ದಿಕ್ಕಿನ, ಡಯೊನೈಸಸ್ ರಂಗಮಂದಿರದ ಕಡೆಯ ದ್ವಾರದಿಂದ ಹೋದರೆ ಸಾಲು ಚಿಕ್ಕದು, ಜೊತೆಗೆ ಗ್ರೀಕ್ ದುರಂತ ನಾಟಕಗಳು ಮೊದಲು ಆಡಿದ ಜಾಗವನ್ನು ಹಾದೇ ಮೇಲೆ ಹತ್ತಿದಂತಾಗುತ್ತದೆ. ಲಕ್ಷಾಂತರ ಕಾಲುಗಳು ಸವೆಸಿದ ಅಮೃತಶಿಲೆ ಒಣಗಿದ್ದಾಗಲೂ ಜಾರುತ್ತದೆ, ಮಳೆ ಬಿದ್ದರಂತೂ ಕೇಳಬೇಡಿ. ರಬ್ಬರ್ ಅಡಿಯ ಬೂಟು ಕಡ್ಡಾಯ ಮಾಡಿ.

ಮೇಲಿರುವ ಅಥೀನಾಳ ದೇವಾಲಯ ಪಾರ್ಥೆನಾನ್ ಕ್ರಿ.ಪೂ. 447ರಲ್ಲಿ ಶುರುವಾಗಿ 432ರ ಹೊತ್ತಿಗೆ ಶಿಲ್ಪಗಳೂ ಸೇರಿ ಮುಗಿಯಿತು. ಚರ್ಚಾಯಿತು, ಮಸೀದಿಯಾಯಿತು. 1687ರಲ್ಲಿ ವೆನಿಸಿನ ಫಿರಂಗಿ ಗುಂಡು ಬಿದ್ದಾಗ ಒಳಗೆ ಇಟ್ಟಿದ್ದ ಮದ್ದು ಸಿಡಿದು ನಡುಭಾಗ ಹಾರಿಹೋಯಿತು. 19ನೇ ಶತಮಾನದ ಮೊದಲ ದಶಕದಲ್ಲಿ ಎಲ್ಗಿನ್ ಪ್ರಭುವಿನ ಜನ ಕಿತ್ತೊಯ್ದ ಶಿಲ್ಪಗಳು 1816ರಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇಷ್ಟನ್ನು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ಮಕ್ಕಳ ಕಣ್ಣಿಗೆ ನೇರವಾಗಿ ಕಾಣುವ ಇನ್ನೊಂದು ಸಂಗತಿ ಇದೆ: ಕಂಬಗಳ ನಡುನಡುವೆ ಬೆಳ್ಳನೆಯ ತೇಪೆಗಳು. ಮೂಲ ಕಲ್ಲು ಜೇನುಬಣ್ಣಕ್ಕೆ ತಿರುಗಿದೆ. ಹೊಸದಾಗಿ ಸೇರಿಸಿದ್ದೂ ಅದೇ ಪೆಂಟೆಲಿ ಬೆಟ್ಟದ ಅಮೃತಶಿಲೆಯೇ, ಆದರೆ ಇನ್ನೂ ಬಿಳಿ. ಪ್ರಾಚೀನ ಕುಶಲಿಗರು ಕಲ್ಲುಗಳನ್ನು ಕಬ್ಬಿಣದ ಪಟ್ಟಿಯಿಂದ ಬೆಸೆದು ಅದರ ಸುತ್ತ ಸೀಸ ಎರೆಯುತ್ತಿದ್ದರು, ನೀರು ತಾಗುತ್ತಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ದುರಸ್ತಿ ಮಾಡಿದವರು ಸೀಸದ ರಕ್ಷಣೆ ಇಲ್ಲದೆ ಕಬ್ಬಿಣ ಹಾಕಿದರು. ಅದು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಒಳಗಿನಿಂದ ಸೀಳಿತು. 1975ರಿಂದ ನಡೆಯುತ್ತಿರುವ ಜೀರ್ಣೋದ್ಧಾರದಲ್ಲಿ ಆ ಕಬ್ಬಿಣವನ್ನೆಲ್ಲ ತೆಗೆದು ಟೈಟಾನಿಯಂ ಹಾಕುತ್ತಿದ್ದಾರೆ. ಕ್ರೇನು, ಅಟ್ಟಣಿಗೆ ಕಂಡು ಫೋಟೊ ಹಾಳಾಯಿತು ಎಂದು ಕೊರಗುವ ಮಕ್ಕಳಿಗೆ ಇದನ್ನು ವಿವರಿಸಿ, ನಂತರ ಒಂದು ಕಂಬದಲ್ಲಿ ಹೊಸ ತುಂಡು ಎಷ್ಟು, ಹಳೆಯದು ಎಷ್ಟು ಎಂದು ಚಿತ್ರ ಬರೆಸಿ. ಮೂರನೆಯ ಕಾಲ ಎಂದರೆ ಏನು ಎಂಬುದು ಇದೊಂದರಿಂದಲೇ ತಿಳಿಯುತ್ತದೆ.

ಅಥೀನಾ–ಪೊಸೈಡನ್ ಕಥೆಗೆ ಅಲ್ಲೇ ಇರುವ ಎರೆಕ್ತಿಯಾನ್ ದೇವಾಲಯದ ಬಳಿ ಬನ್ನಿ. ಪೊಸೈಡನ್ ತ್ರಿಶೂಲದಿಂದ ತಿವಿದು ಉಪ್ಪುನೀರು ಚಿಮ್ಮಿಸಿದ, ಅಥೀನಾ ಆಲಿವ್ ಗಿಡ ಬೆಳೆಸಿದಳು ಎನ್ನುವುದು ಇಲ್ಲೇ. ಪಕ್ಕದಲ್ಲಿ ಆಲಿವ್ ಮರವೂ ಇದೆ, ಆದರೆ ಆಧುನಿಕ ಕಾಲದಲ್ಲಿ ನೆಟ್ಟದ್ದು. ಕಂಬಗಳ ಬದಲು ಛಾವಣಿಯ ಭಾರ ಹೊತ್ತು ನಿಂತ ಆರು ಕನ್ಯೆಯರ ಶಿಲ್ಪಗಳೂ ನಕಲುಗಳು. ಮೂಲದ ಐದು ಕೆಳಗಿನ ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿ, ಒಂದು ಲಂಡನ್ನಿನಲ್ಲಿ. ಬಿಸಿಲೇರುವ ಹೊತ್ತಿಗೆ, 11ರ ಸುಮಾರಿಗೆ ಇಳಿದು ಆ ಮ್ಯೂಸಿಯಂಗೆ ಹೋಗಿ. 2009ರಲ್ಲಿ ತೆರೆದ ಈ ಕಟ್ಟಡದ ಮೇಲಿನ ಮಹಡಿಯನ್ನು ಪಾರ್ಥೆನಾನ್ ನಿಂತ ದಿಕ್ಕಿಗೆ ಸರಿಯಾಗಿ ತಿರುಗಿಸಿ ಕಟ್ಟಿದ್ದಾರೆ, ಸುಮಾರು 160 ಮೀಟರ್ ಉದ್ದದ ಶಿಲ್ಪಪಟ್ಟಿಯನ್ನು ಅದರ ಮೂಲ ಕ್ರಮದಲ್ಲೇ ಸುತ್ತಬಹುದು. ಲಂಡನ್ನಿನಲ್ಲಿರುವ ಭಾಗಗಳ ಜಾಗದಲ್ಲಿ ಬಿಳಿ ಪ್ಲಾಸ್ಟರ್ ಅಚ್ಚುಗಳಿವೆ. ಎಷ್ಟು ಹೋಗಿದೆ ಎಂದು ಹೇಳಿ ತಿಳಿಸುವ ಅಗತ್ಯವೇ ಬರುವುದಿಲ್ಲ.

ಎಲ್ಯೂಸಿಸ್ ಅಥೆನ್ಸಿನಿಂದ ಸುಮಾರು 20 ಕಿ.ಮೀ., ಸುತ್ತ ಕಾರ್ಖಾನೆಗಳು, ಹಾಗಾಗಿ ಹೆಚ್ಚಿನವರು ಬಿಡುತ್ತಾರೆ. ಬಿಡಬೇಡಿ. ಪುರಾತತ್ವದ ಮಿತಿಯನ್ನು ಇದರಷ್ಟು ಚೆನ್ನಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ಡಿಮೀಟರಳ ಗುಪ್ತ ಆಚರಣೆಗೆ ದೀಕ್ಷೆ ಪಡೆದವರು ಸೇರುತ್ತಿದ್ದ ದೊಡ್ಡ ಸಭಾಂಗಣದ ನೆಲ ಸಿಕ್ಕಿದೆ, ಬಂಡೆಯಲ್ಲಿ ಕೊರೆದ ಕೂರುವ ಮೆಟ್ಟಿಲು ಸಿಕ್ಕಿದೆ, ಬಾವಿ ಸಿಕ್ಕಿದೆ, ಪಾತಾಳದ ಬಾಗಿಲೆಂದು ನಂಬಿದ್ದ ಗುಹೆ ಇದೆ. ಒಳಗೆ ಏನು ನಡೆಯುತ್ತಿತ್ತು ಎಂಬುದು ಮಾತ್ರ ತಿಳಿದಿಲ್ಲ, ಏಕೆಂದರೆ ಗುಟ್ಟು ಹೊರಹಾಕಿದವರಿಗೆ ಮರಣದಂಡನೆ ಇತ್ತು. ಸಾವಿರಾರು ಜನ, ನೂರಾರು ವರ್ಷ ಆ ಗುಟ್ಟನ್ನು ಕಾಪಾಡಿದರು. ಇದೊಂದಕ್ಕೆ ಮಾತ್ರ 3ರ ಬದಲು 2 ಗಂಟೆ ಸಾಕು.

ಮೈಸೀನೆ

ನನ್ನ ಮಟ್ಟಿಗೆ ಇಡೀ ಪ್ರವಾಸದ ಕೇಂದ್ರ ಇದು. ಕಥೆಗೂ ಕಲ್ಲಿಗೂ ಇಲ್ಲಿರುವಷ್ಟು ಗಟ್ಟಿಯಾದ ಗುದ್ದಾಟ ಬೇರೆಲ್ಲೂ ಇಲ್ಲ.

ಮೊದಲು ಕೋಟೆಗೆ ಹೋಗಿ, ಮುಂಜಾನೆಯೇ, ಮೇಲೆ ನೆರಳಿಲ್ಲ. ಸಿಂಹದ್ವಾರ ಸುಮಾರು ಕ್ರಿ.ಪೂ. 1250ರದ್ದು. ಬಾಗಿಲ ಮೇಲಿನ ಅಡ್ಡಗಲ್ಲೊಂದೇ 20 ಟನ್ನಿನ ಆಸುಪಾಸು ತೂಗುತ್ತದೆ. ಅದರ ಮೇಲಿನ ತ್ರಿಕೋನ ಫಲಕದಲ್ಲಿ ಒಂದು ಕಂಬದ ಎರಡು ಬದಿಗೆ ಎರಡು ಸಿಂಹಗಳು, ಎರಡಕ್ಕೂ ತಲೆ ಇಲ್ಲ. ಯಾರೋ ಒಡೆದರು ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ಕುತ್ತಿಗೆಯ ಬಳಿ ನೋಡಲು ಹೇಳಿ: ಗೂಟ ಸೇರಿಸುವ ತೂತುಗಳಿವೆ. ತಲೆಗಳನ್ನು ಬೇರೆಯಾಗಿ ಮಾಡಿ ಸಿಕ್ಕಿಸಿದ್ದರು. ಒಂದು ಸಣ್ಣ ದುರ್ಬೀನು ಜೊತೆಗಿದ್ದರೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಎಡಬಲದ ಗೋಡೆ ತೋರಿಸಿ. ಇಷ್ಟು ದೊಡ್ಡ ಬಂಡೆಗಳನ್ನು ಮನುಷ್ಯರು ಎತ್ತಿರಲಾರರು, ಒಕ್ಕಣ್ಣಿನ ದೈತ್ಯರಾದ ಸೈಕ್ಲೋಪ್‌ಗಳೇ ಕಟ್ಟಿರಬೇಕು ಎಂದು ನಂತರದ ಕಾಲದ ಗ್ರೀಕರು ನಂಬಿದ್ದರು. ಅಂದರೆ ಪುರಾಣದಿಂದ ಅವಶೇಷ ಅರ್ಥವಾಗುವುದು ಒಂದು ಕಡೆ, ಅವಶೇಷ ಕಂಡು ಪುರಾಣ ಹುಟ್ಟುವುದು ಇನ್ನೊಂದು ಕಡೆ. ಅಗೆಯುವ ಶಾಸ್ತ್ರ ಇಲ್ಲದ ಕಾಲದಲ್ಲಿ ಹಳೆಯ ಗೋಡೆಗೆ ಜನ ಕೊಟ್ಟ ವಿವರಣೆ ಅದು.

ದ್ವಾರ ದಾಟಿದ ಕೂಡಲೇ ಬಲಕ್ಕೆ ವೃತ್ತಾಕಾರದ ಗೋರಿಗಳ ಆವರಣ. 1876ರಲ್ಲಿ ಹೈನ್‌ರಿಕ್ ಶ್ಲೀಮನ್ ಇಲ್ಲಿ ಅಗೆದಾಗ ಚಿನ್ನದ ಮುಖವಾಡಗಳು ಸಿಕ್ಕವು, ಅವುಗಳಲ್ಲೊಂದಕ್ಕೆ ಕಥೆಯ ಮೈಸೀನೆ ರಾಜ ಅಗಮೆಮ್ನಾನನ ಹೆಸರು ಅಂಟಿತು. ಈಗ ಲೆಕ್ಕ ಮಾಡಿಸಿ. ಆ ಗೋರಿಗಳು ಕ್ರಿ.ಪೂ. 16ನೇ ಶತಮಾನದವು. ಟ್ರಾಯ್ ಬಿದ್ದದ್ದು ಕ್ರಿ.ಪೂ. 1184ರಲ್ಲಿ ಎಂದು ಪ್ರಾಚೀನ ಗ್ರೀಕರೇ ಲೆಕ್ಕ ಹಾಕಿದ್ದರು. ನಡುವೆ ಕನಿಷ್ಠ 300 ವರ್ಷ. ಟ್ರಾಯ್‌ಗೆ ದಂಡೆತ್ತಿ ಹೋದ ಅಗಮೆಮ್ನಾನ್ ಇದ್ದನೆಂದೇ ಇಟ್ಟುಕೊಂಡರೂ ಈ ಮುಖ ಅವನದಲ್ಲ. ಇನ್ನೂ ಸ್ವಾರಸ್ಯ ಎಂದರೆ, ಸಿಂಹದ್ವಾರ ಕಟ್ಟಿದ ಕಾಲದಲ್ಲೇ ಕೋಟೆ ಗೋಡೆಯನ್ನು ಮುಂದಕ್ಕೆ ಸರಿಸಿ ಆ ಹಳೆಯ ಗೋರಿಗಳನ್ನು ಒಳಗೆ ಸೇರಿಸಿಕೊಂಡರು. ಮೈಸೀನೆಯ ರಾಜರಿಗೂ ತಮ್ಮದೊಂದು ಪುರಾತನ ಕಾಲ ಇತ್ತು, ಅದನ್ನು ಅವರೂ ಪ್ರದರ್ಶನಕ್ಕೆ ಇಟ್ಟಿದ್ದರು.

ಬೆಟ್ಟದ ಹಿಂಭಾಗದಲ್ಲಿ ನೆಲದಡಿಯ ನೀರಿನ ತೊಟ್ಟಿಗೆ ಇಳಿಯುವ ಮೆಟ್ಟಿಲುಗಳಿವೆ. ಹಲವು ಸಲ ಮುಚ್ಚಿರುತ್ತದೆ. ತೆರೆದಿದ್ದರೂ ಒಳಗೆ ಕತ್ತಲು, ಮೆಟ್ಟಿಲು ಒದ್ದೆ. ಗುಂಪಾಗಿ ಇಳಿಸಬೇಡಿ, ಟಾರ್ಚು ಹಿಡಿದು ನಾಲ್ಕು ನಾಲ್ಕು ಜನ, ಒಬ್ಬ ಶಿಕ್ಷಕರು ಬಾಯಲ್ಲಿ ನಿಂತಿರಬೇಕು.

ವಾಪಸು ಬರುವಾಗ, ಕೋಟೆಯಿಂದ ಅರ್ಧ ಕಿಲೋಮೀಟರಿನಷ್ಟು ಕೆಳಗೆ, ಅದೇ ಟಿಕೆಟ್ಟಿನಲ್ಲಿ 'ಆಟ್ರಿಯಸನ ಖಜಾನೆ'. ಹೆಸರು ಖಜಾನೆ, ಆದರೆ ಇದು ಗೋರಿ; ಸುಮಾರು ಕ್ರಿ.ಪೂ. 1300–1250. ಒಳಗಿನ ಗುಮ್ಮಟ 13 ಮೀಟರಿಗೂ ಎತ್ತರ, 14.5 ಮೀಟರ್ ಅಗಲ. ನಡುವೆ ಕಂಬವಿಲ್ಲದ ಇದಕ್ಕಿಂತ ದೊಡ್ಡ ಗುಮ್ಮಟ ಕಟ್ಟಲು ಜಗತ್ತಿಗೆ ಸಾವಿರಕ್ಕೂ ಹೆಚ್ಚು ವರ್ಷ ಬೇಕಾಯಿತು. ಇಲ್ಲಿ ನಿಜವಾದ ಕಮಾನು ಇಲ್ಲ. ಕಲ್ಲಿನ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು, ಪ್ರತಿಯೊಂದೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿ, ಮೇಲೆ ಹೋಗುತ್ತ ಕಿರಿದಾಗುತ್ತವೆ. ಒಳಮೈಯನ್ನು ಆಮೇಲೆ ಕೆತ್ತಿ ನುಣುಪು ಮಾಡಿದ್ದಾರೆ. ಹೊರಗಿನಿಂದ ಮಣ್ಣಿನ ಗುಡ್ಡೆ ಒತ್ತುವುದರಿಂದ ಪ್ರತಿ ಸುತ್ತಿನ ಕಲ್ಲುಗಳು ಒಂದಕ್ಕೊಂದು ಬಿಗಿದುಕೊಂಡು ಒಳಗೆ ಬೀಳದೆ ನಿಂತಿವೆ. ಬಾಗಿಲ ಒಳಭಾಗದ ಅಡ್ಡಗಲ್ಲು ಸುಮಾರು 120 ಟನ್ ಎಂದು ಅಂದಾಜು. ಅದರ ಮೇಲೆ ಒಂದು ತ್ರಿಕೋನ ಟೊಳ್ಳು ಬಿಟ್ಟಿದ್ದಾರೆ, ಮೇಲಿನ ಭಾರ ಅಡ್ಡಗಲ್ಲಿನ ನಡುವೆ ಬೀಳದೆ ಎರಡು ಬದಿಯ ಗೋಡೆಗೆ ಇಳಿಯಲಿ ಎಂದು. ಸಿಂಹದ್ವಾರದ ತ್ರಿಕೋನವೂ ಇದೇ ಕೆಲಸ ಮಾಡುತ್ತಿದೆ, ಅಲ್ಲಿ ಆ ಟೊಳ್ಳಿಗೆ ತೆಳುವಾದ ಶಿಲ್ಪಫಲಕ ಮುಚ್ಚಿದ್ದಾರೆ ಅಷ್ಟೆ. ಕೋಟೆ ನೋಡಿ ಇಲ್ಲಿಗೆ ಬಂದ ವಿದ್ಯಾರ್ಥಿ ಇದನ್ನು ತಾನೇ ಕಂಡುಹಿಡಿಯಬೇಕು. 10 ನಿಮಿಷ ಕೊಡಿ, ಬಾಯಿ ಬಿಡಬೇಡಿ. ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಅಸ್ಕ್ಲೀಪಿಯಸನನ್ನು ದೇವರೆಂದು ಪೂಜಿಸುತ್ತಿದ್ದ ಎಪಿಡಾರಸ್‌ಗೆ ಅರ್ಧ ದಿನ. 55 ಸಾಲುಗಳ ರಂಗಮಂದಿರದ ನಡುವೆ ನಿಂತು ನಾಣ್ಯ ಬೀಳಿಸಿದರೆ ಮೇಲಿನ ಸಾಲಿಗೂ ಕೇಳುತ್ತದೆ ಎಂಬ ಮಾತು ಎಲ್ಲರ ಬಾಯಲ್ಲಿದೆ. ನಂಬಿಸುವ ಬದಲು ಪರೀಕ್ಷೆ ಮಾಡಿಸಿ: ಕೆಳಗೆ ಒಬ್ಬರು ಕಾಗದ ಹರಿಯಲಿ, ನಾಣ್ಯ ಬೀಳಿಸಲಿ, ಮಾಮೂಲಿ ದನಿಯಲ್ಲಿ ಒಂದು ವಾಕ್ಯ ಹೇಳಲಿ, 10, 30, 50ನೇ ಸಾಲಿನಲ್ಲಿ ಕೂತವರು ಬೆನ್ನು ತಿರುಗಿಸಿ ಏನು ಕೇಳಿಸಿತು ಎಂದು ಬರೆಯಲಿ. ಸದ್ದು ಬಂತು ಎನ್ನುವುದು ಬೇರೆ, ಅದು ಯಾವ ಸದ್ದೆಂದು ಗುರುತು ಸಿಗುವುದು ಬೇರೆ. ಬೆಳಿಗ್ಗೆ ಬೇರೆ ಗುಂಪುಗಳು ಬರುವ ಮೊದಲೇ ಮಾಡಬೇಕು. ಇಲ್ಲಿನ ಪುಟ್ಟ ಮ್ಯೂಸಿಯಂನಲ್ಲಿ ಅಸ್ಕ್ಲೀಪಿಯಸ್ ಗುಣಪಡಿಸಿದ ರೋಗಿಗಳ ಕಥೆ ಕೆತ್ತಿದ ಶಿಲಾಫಲಕಗಳಿವೆ. ಒಂದರಲ್ಲಿ ಅಥೆನ್ಸಿನ ಆಂಬ್ರೋಸಿಯಾ ಎಂಬ ಒಂದು ಕಣ್ಣು ಕುರುಡಾದ ಹೆಂಗಸು ಈ ಪವಾಡಗಳನ್ನು ಕೇಳಿ ನಕ್ಕಳಂತೆ. ರಾತ್ರಿ ಕನಸಿನಲ್ಲಿ ದೇವರು ಬಂದು, ಕಣ್ಣು ಕೊಡುತ್ತೇನೆ, ಆದರೆ ನಿನ್ನ ಅಜ್ಞಾನದ ಗುರುತಾಗಿ ಬೆಳ್ಳಿಯ ಹಂದಿಯೊಂದನ್ನು ಒಪ್ಪಿಸಬೇಕು ಎಂದನಂತೆ. ಮಕ್ಕಳಿಗೆ ಇದು ಮರೆಯುವುದಿಲ್ಲ.

ಒಲಿಂಪಿಯಾ, ಹೆಜ್ಜೆ ಹಾಕಿ ಅಳೆಯುವ ಜಾಗ

ಜ್ಯೂಸ್ ದೇವಾಲಯ ಕ್ರಿ.ಪೂ. 457ರ ಹೊತ್ತಿಗೆ ಮುಗಿದದ್ದು, ಕ್ರಿ.ಶ. 6ನೇ ಶತಮಾನದ ಭೂಕಂಪಗಳಲ್ಲಿ ಬಿತ್ತು. ಕಂಬಗಳು ಬಿದ್ದ ರೀತಿ ಇಂದಿಗೂ ಹಾಗೇ ಇದೆ, ಕೊಯ್ದಿಟ್ಟ ಸೌತೆಕಾಯಿ ಬಿಲ್ಲೆಗಳಂತೆ ಒಂದಕ್ಕೊಂದು ಒರಗಿ. 2004ರಲ್ಲಿ ಒಂದೇ ಒಂದು ಕಂಬವನ್ನು ಎತ್ತಿ ನಿಲ್ಲಿಸಿದ್ದಾರೆ. ಬಿದ್ದ ಬಿಲ್ಲೆಗಳ ಹತ್ತಿರ ಬಗ್ಗಿ ನೋಡಿದರೆ ಕಲ್ಲಿನ ತುಂಬ ಕಪ್ಪೆಚಿಪ್ಪುಗಳು. ಇದು ಸ್ಥಳೀಯ ಚಿಪ್ಪುಸುಣ್ಣದ ಕಲ್ಲು. ಆಗ ಮೇಲೆ ಬಿಳಿ ಗಾರೆ ಬಳಿದು ಅಮೃತಶಿಲೆಯಂತೆ ಕಾಣಿಸಿದ್ದರು. ಆ ಗಾರೆ ಹೋಗಿರುವುದರಿಂದ ನಮಗೆ ಕಾಣುವ ಬಣ್ಣ, ಒರಟುತನ ಯಾವುದೂ ಪ್ರಾಚೀನರು ಕಂಡದ್ದಲ್ಲ.

ಮ್ಯೂಸಿಯಂನಲ್ಲಿ, ಆ ದೇವಾಲಯದ ಪೂರ್ವ ಮುಖದ ಮೇಲಿನ ತ್ರಿಕೋನದಲ್ಲಿದ್ದ ಶಿಲ್ಪಗಳ ಮುಂದೆ ಅರ್ಧ ಗಂಟೆ ಕೂರಿಸಿ. ಪೆಲೋಪ್ಸ್ ಮತ್ತು ರಾಜ ಒಯಿನೊಮಾಸ್ ರಥದ ಪಂದ್ಯಕ್ಕೆ ಮುಂಚಿನ ಗಳಿಗೆ ಅದು. ಯಾರೂ ಅಲುಗಾಡುತ್ತಿಲ್ಲ. ಪೆಲೋಪ್ಸ್ ರಾಜನ ಸಾರಥಿ ಮಿರ್ಟಿಲಸನಿಗೆ ಆಸೆ ತೋರಿಸಿ, ರಾಜನ ರಥದ ಕಡಾಣಿಯ ಜಾಗಕ್ಕೆ ಮೇಣ ಹಾಕಿಸಿದ ಎಂಬ ಕಥೆ ಗೊತ್ತಿದ್ದವರಿಗೆ ಮಾತ್ರ ಆ ಸ್ತಬ್ಧತೆ ಅರ್ಥವಾಗುತ್ತದೆ. ಬದಿಯಲ್ಲಿ ಕೂತ ಮುದುಕ ಕಾಲಜ್ಞಾನಿ, ಕೈ ಮುಷ್ಟಿ ಕಟ್ಟಿ ಕೆನ್ನೆಯ ಬಳಿ ತಂದಿದ್ದಾನೆ. ಅವನೊಬ್ಬನಿಗೆ ಮುಂದಿನದು ಕಾಣುತ್ತಿದೆ. ಆ ಮೋಸದಿಂದ ಬಂದ ಶಾಪವೇ ಪೆಲೋಪ್ಸನ ಮಗ ಆಟ್ರಿಯಸನಿಗೂ ಮೊಮ್ಮಗ ಅಗಮೆಮ್ನಾನನಿಗೂ ತಗುಲಿದ್ದು. ಮೈಸೀನೆ ನೋಡಿ ಬಂದವರಿಗೆ ಕಥೆ ಇಲ್ಲಿ ಹಿಂದುಮುಂದಾಗಿ ಕೂಡಿಕೊಳ್ಳುತ್ತದೆ.

ಮೋಸದ ಮಾತು ಕ್ರೀಡಾಂಗಣದ ಬಾಗಿಲಲ್ಲೂ ಇದೆ. ಅಲ್ಲಿಗೆ ಹೋಗುವ ದಾರಿಯ ಎಡಕ್ಕೆ ಸಾಲಾಗಿ ಪೀಠಗಳು ಉಳಿದಿವೆ. ಲಂಚ ಕೊಟ್ಟು ಗೆದ್ದ ಕ್ರೀಡಾಪಟುಗಳಿಂದ ವಸೂಲಿ ಮಾಡಿದ ದಂಡದ ಹಣದಲ್ಲಿ ಎರಕ ಹೊಯ್ಯಿಸಿದ ಜ್ಯೂಸ್ ವಿಗ್ರಹಗಳ ಪೀಠಗಳವು; ಮೊದಲನೆಯವು ಕ್ರಿ.ಪೂ. 388ರ ಕ್ರೀಡೆಯಲ್ಲಿ ಎದುರಾಳಿ ಮುಷ್ಟಿಕಾಳಗದವರಿಗೆ ಹಣ ಕೊಟ್ಟ ಯುಪೊಲಸ್ ಪ್ರಕರಣದ್ದು. ಓಟಕ್ಕೆ ಇಳಿಯುವ ಪ್ರತಿಯೊಬ್ಬನೂ ಇವನ್ನು ದಾಟಿಯೇ ಹೋಗಬೇಕಿತ್ತು.

ಓಟದ ಅಂಕಣದಲ್ಲಿ ಎರಡು ತುದಿಗೂ ಕಲ್ಲಿನ ಗೆರೆಗಳಿವೆ. ಮಕ್ಕಳಿಗೆ ಅಳತೆ ಪಟ್ಟಿ ಕೊಟ್ಟು ಅಳೆಸಿ: 192 ಮೀಟರಿಗೆ ಸ್ವಲ್ಪ ಮೇಲೆ ಬರುತ್ತದೆ. ನಿಯಮದ ಪ್ರಕಾರ ಇದು 600 ಅಡಿ. ಡೆಲ್ಫಿಯ ಕ್ರೀಡಾಂಗಣವೂ 600 ಅಡಿಯೇ, ಆದರೆ ಅಲ್ಲಿ ಬರುವುದು ಸುಮಾರು 177.5 ಮೀಟರ್. ಒಲಿಂಪಿಯಾದ ಅಡಿ 32 ಸೆಂ.ಮೀ., ಡೆಲ್ಫಿಯದು 30ಕ್ಕಿಂತ ಕಡಿಮೆ. ಊರೂರಿಗೆ ಅಡಿ ಬೇರೆ. ಗ್ರೀಕರು ಇದಕ್ಕೂ ಒಂದು ಕಥೆ ಹೇಳಿದರು: ಒಲಿಂಪಿಯಾದ ಅಂಕಣವನ್ನು ಅಳೆದದ್ದು ಹೆರಾಕ್ಲೀಸ್ ತನ್ನ ಪಾದದಿಂದ, ಅವನ ಪಾದ ದೊಡ್ಡದು. ಸೈಕ್ಲೋಪ್‌ಗಳ ಗೋಡೆಯ ಪಾಠವೇ ಇಲ್ಲಿ ಅಂಕಿಯಲ್ಲಿ ಬಂದಿದೆ.

ಶಿಲ್ಪಿ ಫಿಡಿಯಾಸನ ಕಾರ್ಯಾಗಾರ ತಪ್ಪಿಸಬೇಡಿ. ನಂತರ ಅದೇ ಕಟ್ಟಡವನ್ನು ಚರ್ಚು ಮಾಡಿಕೊಂಡದ್ದರಿಂದ ಗೋಡೆಗಳು ಉಳಿದವು. ಅವನ ಹೆಸರು ಗೀಚಿದ ಪುಟ್ಟ ಮಣ್ಣಿನ ಪಾತ್ರೆ ಇಲ್ಲೇ ಸಿಕ್ಕಿತು, ಈಗ ಮ್ಯೂಸಿಯಂನಲ್ಲಿದೆ.

ಡೆಲ್ಫಿಯಲ್ಲಿ ಒಂದು ರಾತ್ರಿ ತಂಗಲೇಬೇಕು. ಅಥೆನ್ಸಿನಿಂದ ದಿನದ ಪ್ರವಾಸಕ್ಕೆ ಬರುವ ಬಸ್ಸುಗಳು ಎರಡೂವರೆ, ಮೂರು ಗಂಟೆ ಓಡಿ ತಲುಪುವ ಮೊದಲೇ ನೀವು ಮೇಲಿನ ಕ್ರೀಡಾಂಗಣದವರೆಗೆ ಹತ್ತಿ ಇಳಿದಿರಬಹುದು. ಬಂಡೆ ಉರುಳುವ ಭಯದಿಂದ ಮೇಲ್ಭಾಗವನ್ನು ಆಗಾಗ ಮುಚ್ಚುತ್ತಾರೆ, ಅಳತೆ ಪಾಠವನ್ನು ಅದೊಂದನ್ನೇ ನಂಬಿ ಇಡಬೇಡಿ. ದೇವಾಲಯದ ಕೆಳಗಿನ ಬಹುಕೋನ ಕಲ್ಲುಗಳ ಗೋಡೆಗೆ ಕಣ್ಣು ತಾಗಿಸುವಷ್ಟು ಹತ್ತಿರ ನಿಂತು, ಓರೆ ಬಿಸಿಲಿನಲ್ಲಿ ನೋಡಿದರೆ ಕಲ್ಲಿನ ಮೈತುಂಬ ಸಣ್ಣ ಅಕ್ಷರಗಳು. ಗುಲಾಮರನ್ನು ಬಿಡುಗಡೆ ಮಾಡಿದ ನೂರಾರು ಒಪ್ಪಂದಗಳು ಅವು. ಅಪೊಲೊ ಸರ್ಪವನ್ನು ಕೊಂದ ಕಥೆಯ ಪಕ್ಕದಲ್ಲೇ ಈ ಹೆಸರುಗಳನ್ನೂ ಇಡಿ.

ಕಣಿ ಹೇಳುವ ಪಿಥಿಯಾ ನೆಲದ ಬಿರುಕಿನಿಂದ ಬರುವ ಆವಿಯಿಂದ ಮೈಮರೆಯುತ್ತಿದ್ದಳು ಎಂಬ ಮಾತನ್ನು ಸಾಕ್ಷ್ಯದ ಪಾಠವಾಗಿ ಬಳಸಿ. ಇಲ್ಲಿ ಅರ್ಚಕನಾಗಿದ್ದ ಪ್ಲುಟಾರ್ಕ್ ಆವಿಯ ಬಗ್ಗೆ ಬರೆದಿದ್ದಾನೆ. 1892ರಿಂದ ಇಡೀ ಹಳ್ಳಿಯನ್ನೇ ಪಕ್ಕಕ್ಕೆ ಸ್ಥಳಾಂತರಿಸಿ ಅಗೆದ ಫ್ರೆಂಚರಿಗೆ ದೊಡ್ಡ ಬಿರುಕು ಕಾಣಲಿಲ್ಲ, ಹಾಗಾಗಿ ಆವಿ ಕಟ್ಟುಕಥೆ ಎಂದರು. 2001ರಲ್ಲಿ ಭೂವಿಜ್ಞಾನಿಗಳು ದೇವಾಲಯದ ಅಡಿಯಲ್ಲಿ ಎರಡು ಸ್ತರಭಂಗಗಳು ಸಂಧಿಸುತ್ತವೆ, ಹತ್ತಿರದ ಬುಗ್ಗೆಯ ನೀರಿನಲ್ಲಿ ಮಂಪರು ತರಬಲ್ಲ ಎಥಿಲೀನ್ ಅನಿಲದ ಅಂಶವಿದೆ ಎಂದರು. ಅಷ್ಟು ಅನಿಲ ಸಾಲದು ಎಂಬ ಆಕ್ಷೇಪಣೆಯೂ ಬಂತು. ಎರಡು ಗುಂಪು ಮಾಡಿ ವಾದ ಮಾಡಿಸಿ, ತೀರ್ಪು ಕೊಡಬೇಡಿ.

ಕಾಗದಪತ್ರ, ನಿಯಮ

ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಷೆಂಗೆನ್ ವೀಸಾ ಬೇಕಾದಲ್ಲಿ ಅರ್ಜಿಯನ್ನು 6 ತಿಂಗಳು ಮುಂಚಿನಿಂದ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಲೇಬೇಕು. ವಿಮೆ ಕನಿಷ್ಠ 30,000 ಯೂರೊಗೆ. ವ್ಯಾಸಂಗಕ್ಕಾಗಿ ಹೋಗುವ ವಿದ್ಯಾರ್ಥಿಗಳಿಗೂ ಜೊತೆಗಿನ ಶಿಕ್ಷಕರಿಗೂ ವೀಸಾ ಶುಲ್ಕ ವಿನಾಯಿತಿ ಇದೆ. ಸಂಸ್ಥೆಯ ಪತ್ರದಲ್ಲಿ ಅಧ್ಯಯನದ ಉದ್ದೇಶ, ಪಠ್ಯಕ್ರಮ, ದಿನವಾರು ಸ್ಥಳಗಳು ಸ್ಪಷ್ಟವಾಗಿ ಇರಲಿ, ಇಲ್ಲದಿದ್ದರೆ ಸಾಮಾನ್ಯ ಪ್ರವಾಸಿಗರೆಂದು ಶುಲ್ಕ ಬೀಳುತ್ತದೆ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ತಾಣಗಳ ಟಿಕೆಟ್ಟಿನಲ್ಲಿ ರಿಯಾಯಿತಿ ಸಿಗುವುದು ವಯಸ್ಸು, ನಾಗರಿಕತ್ವ ನೋಡಿ. ಪಾಸ್‌ಪೋರ್ಟಿನ ಪ್ರತಿ ಸಾಲದಿರಬಹುದು, ಮೂಲವನ್ನೇ ಒಬ್ಬ ಶಿಕ್ಷಕರು ಹೊತ್ತಿರಲಿ.

ಗ್ರೀಸಿನಲ್ಲಿ ತಾಣಗಳ ಒಳಗೆ ಮಾರ್ಗದರ್ಶನ ಮಾಡಲು ಪರವಾನಗಿ ಬೇಕು. ಶಿಕ್ಷಕರು ಜೋರಾಗಿ ಉಪನ್ಯಾಸ ಕೊಡುತ್ತ ನಿಂತರೆ ಕಾವಲುಗಾರರು ಬಂದು ಕೇಳುತ್ತಾರೆ. ಪರವಾನಗಿ ಇರುವ ಮಾರ್ಗದರ್ಶಿಯನ್ನು ಗೊತ್ತುಮಾಡಿ, ಯಾವ ಕಲ್ಲಿನ ಬಳಿ ಎಷ್ಟು ಹೊತ್ತು ಬೇಕೆಂದು ಮೊದಲೇ ಬರೆದು ಕೊಡಿ. ಒಳ್ಳೆಯವರು ಅದಕ್ಕೆ ಸಂತೋಷಪಡುತ್ತಾರೆ. ಡ್ರೋನ್ ನಿಷಿದ್ಧ, ಟ್ರೈಪಾಡ್‌ಗೆ ಪ್ರತ್ಯೇಕ ಅನುಮತಿ, ಮ್ಯೂಸಿಯಂನಲ್ಲಿ ಫ್ಲಾಶ್ ಇಲ್ಲ, ವಿಗ್ರಹದ ಭಂಗಿ ಅನುಕರಿಸಿ ಫೋಟೊ ತೆಗೆಸಿಕೊಂಡರೆ ಸಿಬ್ಬಂದಿ ತಡೆಯುತ್ತಾರೆ. ನೆಲದ ಮೇಲೆ ಬಿದ್ದ ಮಡಕೆ ಚೂರನ್ನೂ ಕಿಸೆಗೆ ಹಾಕುವಂತಿಲ್ಲ: 2002ರ ಪ್ರಾಚ್ಯವಸ್ತು ಕಾಯಿದೆಯಡಿ ಅದು ಅಪರಾಧ. ಇದನ್ನು ಮೊದಲ ದಿನವೇ, ನಗದೆ ಹೇಳಿ.

ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ ಅನ್ನು ಕೊನೆಯ ದಿನಕ್ಕೆ ಇಡುವುದು ಒಳ್ಳೆಯದು. ಮೈಸೀನೆಯ ಚಿನ್ನವೆಲ್ಲ ಇಲ್ಲಿದೆ. ಆ ಗೋರಿಯ ಗುಂಡಿಯನ್ನು ಕಂಡ ಮೇಲೆ ಅದಕ್ಕೆ ಬರುವ ಅರ್ಥ ಮೊದಲ ದಿನ ಬರುವುದಿಲ್ಲ. ಮಂಗಳವಾರ ಮಧ್ಯಾಹ್ನ 1ಕ್ಕೆ ಬಾಗಿಲು ತೆರೆಯುತ್ತದೆ ಎಂಬುದನ್ನು ವಿಮಾನದ ವೇಳೆ ಹೊಂದಿಸುವಾಗ ನೆನಪಿಡಿ.

ಕ್ರೀಟ್ ಸೇರಿಸುವವರು ಪಿರೇಯಸ್ ಬಂದರಿನಿಂದ ರಾತ್ರಿ ಹಡಗಿನಲ್ಲಿ ಹೊರಟರೆ ಬೆಳಗಾಗುವ ಹೊತ್ತಿಗೆ ಹೆರಾಕ್ಲಿಯಾನ್ ತಲುಪುತ್ತಾರೆ, ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ. ಗಾಳಿ ಜೋರಾದರೆ ಹಡಗು ನಿಲ್ಲುತ್ತದೆ, ಆದ್ದರಿಂದ ಊರಿಗೆ ಮರಳುವ ವಿಮಾನದ ಹಿಂದಿನ ದಿನ ಕ್ರೀಟ್‌ನಲ್ಲಿರಬೇಡಿ. ಹೆರಾಕ್ಲಿಯಾನ್ ಬಳಿಯ ಕ್ನೋಸಸ್ ಅರಮನೆಯ ಕೆಂಪು ಕಂಬಗಳು, ಮಹಡಿಗಳಲ್ಲಿ ಬಹುಪಾಲು 1900ರಿಂದ ಅಗೆದ ಆರ್ಥರ್ ಇವಾನ್ಸ್ ಕಾಂಕ್ರೀಟಿನಲ್ಲಿ ಕಟ್ಟಿಸಿದ್ದು. ಆ ಕಾಂಕ್ರೀಟನ್ನೇ ಈಗ ಸಂರಕ್ಷಿಸಬೇಕಾಗಿದೆ. ಗೋಡೆಯ ಚಿತ್ರಗಳು ನಕಲು, ಮೂಲದ ತುಣುಕುಗಳು ಹೆರಾಕ್ಲಿಯಾನ್ ಮ್ಯೂಸಿಯಂನಲ್ಲಿವೆ. 'ಲಿಲ್ಲಿಗಳ ರಾಜಕುಮಾರ'ನ ಚಿತ್ರದಲ್ಲಿ ಮೂಲ ಎಷ್ಟು ಕಡಿಮೆ, ತುಂಬಿಸಿದ್ದು ಎಷ್ಟು ಹೆಚ್ಚು ಎಂದು ಮಕ್ಕಳಿಗೆ ಬಣ್ಣ ಹಚ್ಚಿ ತೋರಿಸಲು ಹೇಳಿ. ಕಥೆಯಲ್ಲಿ ಗೂಳಿತಲೆಯ ಮನುಷ್ಯ ಮಿನೊಟಾರ್‌ನನ್ನು ಕೂಡಿಹಾಕಿದ್ದ ಚಕ್ರವ್ಯೂಹ, ಅಂದರೆ ಲ್ಯಾಬಿರಿಂತ್, ಸಿಕ್ಕಿಲ್ಲ. ಸಿಕ್ಕಿರುವುದು ಒಂದು ಮಣ್ಣಿನ ಫಲಕ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದಿದ ಲಿಪಿಯಲ್ಲಿ, ಎಲ್ಲ ದೇವರಿಗೆ ಒಂದು ಗಡಿಗೆ ಜೇನು, ಲ್ಯಾಬಿರಿಂತ್‌ನ ಒಡತಿಗೆ ಒಂದು ಗಡಿಗೆ ಜೇನು ಎಂದು ಅದರ ಲೆಕ್ಕವನ್ನು ಹೆಚ್ಚಿನ ವಿದ್ವಾಂಸರು ಓದುತ್ತಾರೆ. ಸಿಂಹಾಸನದ ಕೋಣೆಗೆ ಬಾಗಿಲು ತೆರೆದ ಕೂಡಲೇ ನೇರವಾಗಿ ಹೋಗಿ, ಉಳಿದದ್ದು ಆಮೇಲೆ. 9 ದಾಟಿದರೆ ಆ ಒಂದು ಕೋಣೆಗೇ ಸಾಲು ಬೆಳೆಯುತ್ತದೆ.